ಚಿತ್ರದ ಹೆಂಗಸರ ಕುಂಕುಮ

ಫೋನಿನಲ್ಲಿ ಬರೆಯುವುದನ್ನು ಕಲಿತು ನನಗೆ ಇನ್ನೂ ಬಹಳ ದಿನವಾಗಿಲ್ಲ. ಇದನ್ನೂ ಬಲಗೈಯ ಒಂದೇ ಬೆರಳಿನಿಂದ, ಫೋನನ್ನು ತೊಡೆಯ ಮೇಲಿನ ದಿಂಬಿಗೆ ಆನಿಸಿ ಕುಟ್ಟುತ್ತಿದ್ದೇನೆ. ಸೊಸೆ ನೋಡಿದಾಗಲೆಲ್ಲ, "ಅತ್ತಿ, ಖಾರ ಕುಟ್ಟಾಕತ್ತೀರೇನ್ರಿ?" ಎಂದು ಕೇಳುತ್ತಾಳೆ. ಕಲಿಸಿದವಳು ಅವಳೇ. ಈಗ ಯಾಕಾದರೂ ಕಲಿಸಿದೆನೋ ಎನ್ನುತ್ತಾಳೆ. ಬರೆಯಲು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಅವಳ ತವರಿನವರ ಗುಂಪಿಗೆ ಸೇರಿದ್ದು, ಮತ್ತು ಅವಳ ತಾಯಿ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿಯ ಕೆಳಗೆ "ಇದು ನಿನ್ನೆಯ ಹೂವು, ಇವತ್ತಿನದು ಎಲ್ಲಿ?" ಎಂದು ಬರೆದದ್ದು. ಅವರು ಗುಲಾಬಿ ಕಳಿಸುವುದನ್ನೇ ನಿಲ್ಲಿಸಿದರು. ಸೊಸೆ ಎರಡು ಹೊತ್ತು ನನ್ನ ಜೊತೆ ಮಾತು ಬಿಟ್ಟಳು.

ನನ್ನನ್ನು ಆ ಗುಂಪಿನಿಂದ ಬಿಡಿಸಲೆಂದೇ ಅವಳು ಇನ್ನೊಂದಕ್ಕೆ ಸೇರಿಸಿದಳು. ಅದು ಹಳೆಯ ಚಿತ್ರಕತೆಯ ಪುಸ್ತಕಗಳನ್ನು, ಅಂದರೆ ಕಾಮಿಕ್ಸುಗಳನ್ನು ಮಾರುವ ಮತ್ತು ಕೊಳ್ಳುವವರ ಗುಂಪು. ನಮ್ಮ ಅಟ್ಟದ ಮೇಲೆ ಮಗ ಚಿಕ್ಕವನಿದ್ದಾಗ ಓದಿದ ಅಂಥ ಪುಸ್ತಕಗಳು ಒಂದು ಟ್ರಂಕಿನ ತುಂಬ ಇದ್ದವು. ಅಟ್ಟ ಖಾಲಿಯಾಗಬೇಕು, ಅತ್ತೆಗೂ ಹೊತ್ತು ಹೋಗಬೇಕು ಎಂದು ಅವಳ ಲೆಕ್ಕ.

ಆ ಗುಂಪಿನ ರೀತಿ ನನಗೆ ಹಿಡಿಸಿತು. ಮಾರುವವರು ಪುಸ್ತಕದ ಮುಖಪುಟ, ಮೂಲೆ, ಬೆನ್ನು, ಪಿನ್ನು ಎಲ್ಲದರ ಫೋಟೋ ಹಾಕಬೇಕು. ಎಲ್ಲಿ ಹರಿದಿದೆ, ಎಲ್ಲಿ ಹುಳ ತಿಂದಿದೆ, ಯಾವ ಪುಟದ ಕಿವಿ ಮಡಚಿದೆ ಎಂದು ಮೊದಲೇ ಹೇಳಿಬಿಡಬೇಕು. ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ತೋರಿಸಿದ ಹಾಗೆ. ಯಾರು ಮೊದಲು "ನನಗೆ" ಎಂದು ಬರೆಯುತ್ತಾರೋ ಪುಸ್ತಕ ಅವರದು. ಆಮೇಲೆ ಇಬ್ಬರೇ ಬೇರೆಯಾಗಿ ಮಾತಾಡಿಕೊಂಡು ದರ ತೀರ್ಮಾನ ಮಾಡಿಕೊಳ್ಳಬೇಕು. ನಾನು ಮಗನ ಪುಸ್ತಕಗಳ ಫೋಟೋ ಹಾಕಿ, "ಇವನ್ನು ಓದುತ್ತ ಕೂತ ಹುಡುಗ ಗಣಿತದಲ್ಲಿ ನಪಾಸಾಗಿದ್ದಾನೆ, ಪುಸ್ತಕಗಳು ಅಷ್ಟು ಚೆನ್ನಾಗಿವೆ" ಎಂದು ಬರೆದೆ. ಸಂಜೆಯೊಳಗೆ ಟ್ರಂಕು ಖಾಲಿ. ಮಗನಿಗೆ ಸುದ್ದಿ ಗೊತ್ತಾದದ್ದು ಆಮೇಲೆ, ಅವನ ಕಚೇರಿಯ ಗೆಳೆಯನಿಂದ.

ಮಾರಲು ಏನೂ ಉಳಿಯದಿದ್ದರೂ ನಾನು ಗುಂಪು ಬಿಡಲಿಲ್ಲ. ಬೇರೆಯವರ ಸಾಮಾನು ನೋಡುವುದರಲ್ಲಿ ಒಂದು ಸುಖವಿದೆ. ಒಂದು ಮಧ್ಯಾಹ್ನ ಊಟ ಮುಗಿಸಿ, ಮನೆಯಲ್ಲಿ ಒಬ್ಬಳೇ ಕೂತು ಹಾಗೇ ನೋಡುತ್ತಿದ್ದೆ. ಟಿಕೋಟಾದ ಒಬ್ಬರು ಒಂದು ಹಳೆಯ ಮರಾಠಿ ಪುಸ್ತಕವನ್ನು ಮಾರಾಟಕ್ಕೆ ಹಾಕಿದ್ದರು. ಮುಖಪುಟದ ಮೇಲೆ ಒಂದು ಹಡಗು, ಅದರ ಮೇಲೆ ಗಡ್ಡದ ನಾವಿಕ. ಎರಡನೆಯ ಫೋಟೋ ಒಳಗಿನ ಪುಟದ್ದು. ಹಳದಿ ಕೂದಲಿನ, ಮೊಣಕಾಲವರೆಗಿನ ಅಂಗಿಯ ಹೆಂಗಸೊಬ್ಬಳು ಹಡಗಿನ ಅಂಚಿಗೆ ನಿಂತಿದ್ದಾಳೆ. ಕೆಳಗೆ ಬರೆದಿತ್ತು: "ಒಳಗ ಅಲ್ಲಲ್ಲಿ ಕೆಂಪು ಕಲೆ ಅದಾವ."

ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದೆ. ಕಲೆಯಾಗಿರಲಿಲ್ಲ. ಹಳದಿ ಕೂದಲಿನ ಆ ಹೆಂಗಸಿನ ಹಣೆಯ ಮೇಲೆ ಕುಂಕುಮವಿತ್ತು. ನಡುವೆ ಅಲ್ಲ, ಒಂದು ಎಳ್ಳಿನಷ್ಟು ಎಡಕ್ಕೆ.

ನನ್ನ ಬೆನ್ನ ಹಿಂದಿನಿಂದ ಯಾರೋ ಬಗ್ಗಿ ಫೋನನ್ನು ನೋಡಿದ ಹಾಗಾಯಿತು. ನಾನು ತಿರುಗಿ ನೋಡಲಿಲ್ಲ. ಯಾರೆಂದು ಗೊತ್ತಿತ್ತು.

ನನಗೊಬ್ಬಳು ಅಕ್ಕ ಇದ್ದಳು. ನಮ್ಮದು ಬಬಲೇಶ್ವರದ ಕಡೆಯ ಸಾರವಾಡ. ನಮ್ಮ ಸೋದರಮಾವ ಸೊಲ್ಲಾಪುರದ ಬಸ್ಸಿನಲ್ಲಿ ಕಂಡಕ್ಟರು. ಪ್ರಯಾಣಿಕರು ಸೀಟಿನ ಮೇಲೆ ಬಿಟ್ಟುಹೋದ ಚಿತ್ರಕತೆಯ ಪುಸ್ತಕಗಳನ್ನು ಯಾರೂ ಕೇಳಿಕೊಂಡು ಬರದಿದ್ದರೆ ನಮಗೆ ತಂದುಕೊಡುತ್ತಿದ್ದರು. ಎಲ್ಲವೂ ಮರಾಠಿ. ನಮಗಿಬ್ಬರಿಗೂ ಓದಲು ಬರುತ್ತಿರಲಿಲ್ಲ. ಅಕ್ಕ ಚಿತ್ರ ನೋಡಿ ತಾನೇ ಕತೆ ಕಟ್ಟುತ್ತಿದ್ದಳು. ಅವಳ ಕತೆಯಲ್ಲಿ ಹಡಗಿನ ನಾವಿಕರೆಲ್ಲ ಬಬಲೇಶ್ವರದಿಂದ ಬೆಲ್ಲ ಹೇರಿಕೊಂಡು ಹೊರಟವರು. ದಾರಿಯಲ್ಲಿ ಸಮುದ್ರ ಅಡ್ಡ ಬಂದಿದೆ, ಅಷ್ಟೇ.

ಆ ದಿನಗಳಲ್ಲಿ ನಮ್ಮ ಸೋದರತ್ತೆ, ಅಪ್ಪನ ತಂಗಿ, ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದರು. ಅಂಗಳದಲ್ಲಿ ಕೂರಿಸಿ, ಓಣಿಯ ಹಿರಿಯ ಹೆಂಗಸರು ಅವರ ಬಳೆ ಒಡೆದು ಕುಂಕುಮ ಒರೆಸಿದರು. ಅಕ್ಕ ಬಾಗಿಲ ಹಿಂದೆ ನಿಂತು ನೋಡಿದಳು. ನಾನು ಅವಳ ಲಂಗ ಹಿಡಿದುಕೊಂಡಿದ್ದೆ. ಒರೆಸಿದ ಜಾಗದಲ್ಲಿ ಒಂದು ದುಂಡನೆಯ ಬಿಳಿ ಗುರುತು ಉಳಿಯಿತು. ಎಷ್ಟೋ ವರ್ಷ ಬಿಸಿಲು ಕಾಣದ ಚರ್ಮ. ಅತ್ತೆ ಹೊಲಕ್ಕೆ ಹೋಗಿ ಬಂದು ಮುಖವೆಲ್ಲ ಕಪ್ಪಾದರೂ ಆ ಗುರುತು ಬಹಳ ದಿನ ಹಾಗೇ ಇತ್ತು, ಹಣೆಯ ಮೇಲೆ ಇನ್ನೊಂದು ಕಣ್ಣು ತೆರೆದ ಹಾಗೆ.

ಅದಾದ ಮೇಲೆ ಅಕ್ಕ ಅವ್ವನ ಮೇಣದ ಡಬ್ಬಿ ಮತ್ತು ಕುಂಕುಮದ ಭರಣಿ ಎತ್ತಿಕೊಂಡು ಬಂದು ಪುಸ್ತಕಗಳ ಮುಂದೆ ಕೂತಳು. ಆಗ ಹೆಂಗಸರು ಹಣೆಗೆ ಮೊದಲು ಮೇಣ ಹಚ್ಚಿ, ಅದರ ಮೇಲೆ ಕುಂಕುಮ ಇಡುತ್ತಿದ್ದರು. ಇಲ್ಲದಿದ್ದರೆ ಬೆವರಿಗೆ ಇಳಿದುಹೋಗುತ್ತಿತ್ತು. ಅಕ್ಕನೂ ಹಾಗೆಯೇ ಮಾಡಿದಳು. ಕಸಬರಿಗೆ ಕಡ್ಡಿಯ ತುದಿಯಿಂದ ಒಂದು ಚೂರು ಮೇಣ, ಅದರ ಮೇಲೆ ಕಿರುಬೆರಳಿನಿಂದ ಕುಂಕುಮ. ಪುಸ್ತಕದಲ್ಲಿ ಹಣೆ ಕಾಣುವ ಹೆಂಗಸರಿಗೆಲ್ಲ. ಅವಳು ಎಡಚಿ. ತಲೆ ವಾಲಿಸಿಕೊಂಡು ಇಡುತ್ತಿದ್ದಳು. ಅದಕ್ಕೇ ಯಾವಾಗಲೂ ಎಳ್ಳಿನಷ್ಟು ಎಡಕ್ಕೆ ಬೀಳುತ್ತಿತ್ತು.

ಯಾಕೆ ಇಡುತ್ತೀ ಎಂದು ನಾನು ಕೇಳಿದ್ದಕ್ಕೆ, ಇಡದಿದ್ದರೆ ಇವರ ಗಂಡಂದಿರು ಹಡಗಿನಲ್ಲೇ ಸಾಯುತ್ತಾರೆ ಎಂದಳು.

"ಆಕಿ ಕಳ್ಳನ ಹೇಂತಿ. ಆಕಿಗೂ ಇಡ್ತೀ?" ಎಂದೆ.

"ಕಳ್ಳ ಆದ್ರ ಆಂವ ಆದ ಲೇ. ಆಕಿ ಹಣಿ ಏನ ಮಾಡೇತಿ?" ಎಂದು ಅವಳಿಗೂ ಇಟ್ಟಳು.

ಜೋಳದ ಸುಗ್ಗಿಯ ಹೊತ್ತಿಗೆ ಅವಳಿಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಸುಗ್ಗಿ ಮುಗಿಯುವ ಮೊದಲೇ ಹೋದಳು. ಮೈನೆರೆದು ವರ್ಷವೂ ಆಗಿರಲಿಲ್ಲ. ಅವಳ ಬಟ್ಟೆ ಅವಳ ಜೊತೆಗೇ ಹೋದವು. ಪುಸ್ತಕ ಉಳಿದವು. ಅವ್ವನಿಗೆ ಅವನ್ನು ನೋಡಲು ಆಗಲಿಲ್ಲ. ಸೈಕಲ್ಲಿನ ಮೇಲೆ ಪಾತ್ರೆ ಹೇರಿಕೊಂಡು ಊರೂರು ತಿರುಗಿ ಹಳೆಯ ಸಾಮಾನು ಕೊಳ್ಳುವವರೊಬ್ಬರು ಬರುತ್ತಿದ್ದರು. ಕಟ್ಟು ಕಟ್ಟಿ ಅವರಿಗೆ ಕೊಟ್ಟು, ಅವ್ವ ಬದಲಿಗೆ ಒಂದು ಜರ್ಮನ್ ಡಬರಿ, ಅಂದರೆ ಅಲ್ಯುಮಿನಿಯಂ ಪಾತ್ರೆ, ತೆಗೆದುಕೊಂಡಳು. ಎಷ್ಟೋ ವರ್ಷ ನಮ್ಮ ಮನೆಯ ಹಾಲು ಅದರಲ್ಲೇ ಕಾಯಿತು. ಹಾಲು ಉಕ್ಕುವಾಗ ಅವ್ವ ಒಲೆಯ ಕಡೆ ನೋಡುತ್ತಿರಲಿಲ್ಲ. ನಾನೇ ಓಡಿ ಇಳಿಸುತ್ತಿದ್ದೆ.

ಅಕ್ಕನದೊಂದೂ ಫೋಟೋ ಇಲ್ಲ. ಅವಳ ಮುಖ ನನಗೆ ನೆನಪಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ. ನೆನಪು ಮಾಡಿಕೊಳ್ಳಲು ಹೋದರೆ ನನ್ನ ಅವ್ವನ ಮುಖ ಬರುತ್ತದೆ, ಇಲ್ಲವೇ ಕನ್ನಡಿಯೊಳಗಿನ ನನ್ನ ಮುಖವೇ ಬಂದು ನಿಲ್ಲುತ್ತದೆ. ಅವಳ ಕೈ ಮುಟ್ಟಿದ್ದು ಈ ಭೂಮಿಯ ಮೇಲೆ ಏನೂ ಉಳಿದಿಲ್ಲ ಎಂದುಕೊಂಡು ಮುದುಕಿಯಾಗಿದ್ದೆ. ಈಗ ನೋಡಿದರೆ ಟಿಕೋಟಾದಲ್ಲಿ ಉಳಿದಿತ್ತು. ನನಗೆ ಅದು ಬೇಕಾಗಿತ್ತು. ಹಡಗೂ ಬೇಡ, ನಾವಿಕನೂ ಬೇಡ, ಆ ಕೆಂಪು ಕಲೆಗಳು ಬೇಕಾಗಿದ್ದವು.

"ನನಗೆ" ಎಂದು ಬರೆದು ಕಳಿಸಿದೆ. ಅಷ್ಟು ಚಿಕ್ಕ ಪದ ಬರೆಯುವುದರೊಳಗೆ ಯಾರು ನುಗ್ಗಿಬಿಡುತ್ತಾರೋ ಎಂದು ಎಡಗೈಯ ಬೆರಳನ್ನೂ ಕುಟ್ಟಲು ಹಚ್ಚಿದ್ದೆ. ಯಾರೂ ನುಗ್ಗಲಿಲ್ಲ. ಪುಸ್ತಕ ನನಗೇ ಎಂದಾಯಿತು.

ಆಮೇಲೆ ದರದ ಮಾತು. ಇಲ್ಲಿ ನಾನು ಗಾಂಧಿ ಚೌಕದ ಹೆಂಗಸಾದೆ. ಮದುವೆಯಾಗಿ ಈ ಗೋಳಗುಮ್ಮಟದ ಊರಿಗೆ ಬಂದಾಗಿನಿಂದ ಅಲ್ಲಿಯ ಸಂತೆಯಲ್ಲಿ ಕಾಯಿಪಲ್ಲೆ, ಸೀರೆ, ಪಾತ್ರೆ ಎಲ್ಲ ಕೊಂಡವಳು. ಬೇಕಾದ ಬದನೆಕಾಯಿಯನ್ನು ನಾವು ಮೊದಲು ಮುಟ್ಟುವುದಿಲ್ಲ. ಬೇಡದ ನಾಲ್ಕನ್ನು ಎತ್ತಿ ನೋಡಿ, ಕೊನೆಗೆ ಬೇಕಾದದ್ದನ್ನು ಹಿಡಿದು, ಇದರಲ್ಲಿ ಹುಳ ಇರಬೇಕು ಎಂದು ಮುಖ ಸೊಟ್ಟ ಮಾಡುತ್ತೇವೆ. ಯಾವುದರ ಮೇಲೆ ಮನಸ್ಸಿದೆಯೋ ಅದಕ್ಕೇ ಖೋಡಿ ತೆಗೆಯಬೇಕು. ಮಾರುವವರಿಗೂ ಅದು ಗೊತ್ತಿರುತ್ತದೆ. ಎದುರು ಬದುರು ನಿಂತಾಗ ನಮ್ಮ ಕಣ್ಣು ನೋಡಿ, ಈ ಹೆಂಗಸು ಇದನ್ನು ಬಿಟ್ಟು ಹೋಗುವವಳಲ್ಲ ಎಂದು ತಿಳಿದುಕೊಳ್ಳುತ್ತಾರೆ.

ಫೋನಿನಲ್ಲಿ ಕಣ್ಣು ಕಾಣುವುದಿಲ್ಲ.

ನಾನು ಬರೆದೆ: "ಎಲ್ಲಾ ಹೆಣ್ಣಮಕ್ಕಳ ಮುಖ ಹೊಲಸ ಮಾಡಿ ಇಟ್ಟೀರಿ. ಇಂಥಾ ಕಲೆ ಬಿದ್ದ ಪುಸ್ತಕ ಯಾರ ತಗೋತಾರಪಾ? ನಾ ಮುದುಕಿ ಅಂತ ತಗೋಳಾಕತ್ತೇನಿ."

ಸ್ವಲ್ಪ ಹೊತ್ತಿನ ಮೇಲೆ ಎರಡು ಜೋಡಿಸಿದ ಕೈಗಳ ಚಿತ್ರ ಬಂತು. ಅದರ ಕೆಳಗೆ, "ಆತ್ರಿ ಆಯಿ. ರವಿವಾರ ಬರ್ರಿ. ನಿಮ್ಮ ಮನಸ್ಸಿಗೆ ಬರೂಹಂಗ ತಯಾರ ಮಾಡಿ ಇಡ್ತೇನಿ." ದರವನ್ನೂ ಇಳಿಸಿದ್ದರು. ನಾನು ಗೆದ್ದೆ ಎಂದುಕೊಂಡೆ. ತಯಾರು ಮಾಡುವುದೆಂದರೆ ಏನು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ರವಿವಾರದವರೆಗೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಹಾಗೆನ್ನದೆ ಬೇರೆ ಹೇಗೆ ಹೇಳಬೇಕೋ ಗೊತ್ತಿಲ್ಲ. ಬೆಳಿಗ್ಗೆ ಜಡೆ ಹಾಕಿಕೊಳ್ಳುವಾಗ ಬಾಚಣಿಗೆ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮೇಣದ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಮೇಣ ತಂದು ಎಷ್ಟೋ ವರ್ಷವಾಯಿತು. ನಿನಗೂ ಬರುತ್ತದೇನು ಎಂದು ಸೊಸೆಯನ್ನು ಕೇಳಿದರೆ, ಕುಕ್ಕರಿನ ರಬ್ಬರು ಸುಟ್ಟಿರಬೇಕು ಎಂದಳು. ಒಂದು ಸಲ ಗೆಳತಿಗೆ ಬರೆಯುತ್ತಾ "ಅಕ್ಕ" ಎಂದು ಕುಟ್ಟಿದೆ. ಮುಂದಿನ ಪದವನ್ನು ಫೋನು ತಾನೇ ತೋರಿಸುತ್ತದಲ್ಲ, "ಎಲ್ಲಿದ್ದೀ" ಎಂದು ತೋರಿಸಿತು. ಅದು ಸೊಸೆಯ ಹಳೆಯ ಫೋನು. ಅವಳು ತನ್ನ ಅಕ್ಕನಿಗೆ ದಿನಾ ಹಾಗೆ ಬರೆಯುತ್ತಿದ್ದಳಂತೆ. ಅದು ಗೊತ್ತಾದ ಮೇಲೂ ನಾನು ಆ ಪದವನ್ನು ಒತ್ತಿದೆ. ಕಳಿಸಲಿಲ್ಲ. "ಅಕ್ಕ ಎಲ್ಲಿದ್ದೀ" ಎಂದು ಬರೆದದ್ದು ಬಹಳ ಹೊತ್ತು ಹಾಗೇ ಕೂತಿತ್ತು.

ರವಿವಾರ ಸೊಸೆಯನ್ನು ಕರೆದುಕೊಂಡು ಟಿಕೋಟಾದ ಬಸ್ಸು ಹತ್ತಿದೆ. ವಿಷಯವನ್ನು ಅವಳಿಗೆ ದಾರಿಯಲ್ಲಿ ಹೇಳಿದೆ. ಕಿಟಕಿಯಾಚೆ ದ್ರಾಕ್ಷಿಯ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು ಹಿಂದೆ ಸರಿಯುತ್ತಿದ್ದವು. ಅವಳು ಎಂದಿನಂತೆ ನಗಲಿಲ್ಲ. ಸುಮ್ಮನೆ ನನ್ನ ಚೀಲ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮಾರುವವರು ಐವತ್ತು ದಾಟಿದ ಮುಸಲ್ಮಾನರು. ಮನೆಯ ಮುಂದಿನ ಕೋಣೆಯ ತುಂಬ ಹಳೆಯ ರೇಡಿಯೋ, ಕಂದೀಲು, ಗೋಡೆ ಗಡಿಯಾರ. ಒಂದು ಮೂಲೆಯಲ್ಲಿ ಹಳೆಯ ಸೈಕಲ್ಲು ನಿಂತಿತ್ತು, ಹಿಂದೆ ಅಗಲವಾದ ಕ್ಯಾರಿಯರು. ಅವರ ತಂದೆಯದಂತೆ. ತಂದೆ ಬಬಲೇಶ್ವರದ ಸುತ್ತಿನ ಹಳ್ಳಿಗಳಲ್ಲಿ ಪಾತ್ರೆ ಕೊಟ್ಟು ಹಳೆಯ ಸಾಮಾನು ತರುತ್ತಿದ್ದರಂತೆ. ಚಿತ್ರದ ಪುಸ್ತಕ ಸಿಕ್ಕರೆ ರದ್ದಿಗೆ ಹಾಕದೆ ಮಕ್ಕಳಿಗೆಂದು ಇಟ್ಟುಕೊಳ್ಳುತ್ತಿದ್ದರಂತೆ. ನನಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಆ ಕ್ಯಾರಿಯರಿನ ಮೇಲೆ ನಮ್ಮ ಮನೆಯ ಕಟ್ಟು ಕೂತು ಬಂದಿತ್ತು.

ಅವರ ಹೆಂಡತಿ ಚಹಾ ತಂದಿಟ್ಟರು. ಗಂಡ ಕೈ ಒರೆಸಿಕೊಂಡು, ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದ ಪುಸ್ತಕವನ್ನು ಎರಡೂ ಕೈಯಿಂದ ಕೊಟ್ಟರು. ಕವರು ತೆಗೆದ ಕೂಡಲೇ ಪೆಟ್ರೋಲಿನ ವಾಸನೆ ಬಂತು. ಹಡಗಿನ ಪುಟ ತೆರೆದೆ.

ಹಳದಿ ಕೂದಲಿನ ಹೆಂಗಸಿನ ಹಣೆ ಬರಿದಾಗಿತ್ತು.

ಪುಟ ತಿರುವಿದೆ. ಅಲ್ಲಿಯೂ. ಇನ್ನೊಂದು ಪುಟ. ಪ್ರತಿಯೊಬ್ಬಳ ಹಣೆಯ ಮೇಲೂ, ಎಳ್ಳಿನಷ್ಟು ಎಡಕ್ಕೆ, ಒಂದು ದುಂಡನೆಯ ಬಿಳಿಚಿಕೊಂಡ ಗುರುತು. ಸುತ್ತಲಿನ ಕಾಗದ ಹಳದಿಯಾಗಿತ್ತು, ಆ ಜಾಗ ಮಾತ್ರ ಬೆಳ್ಳಗೆ. ನಾನು ಮತ್ತೆ ಬಾಗಿಲ ಹಿಂದೆ, ಅಕ್ಕನ ಲಂಗ ಹಿಡಿದುಕೊಂಡು ನಿಂತಿದ್ದೆ. ಅಂಗಳದಲ್ಲಿ ನಮ್ಮ ಅತ್ತೆ ಕೂತಿದ್ದರು. ಪುಟ ತಿರುವಿದಷ್ಟೂ ಅವರೇ.

"ನೀವ ಹೇಳಿದ್ರಲಾ ಆಯಿ, ಮುಖ ಹೊಲಸ ಆಗ್ಯಾವ ಅಂತ," ಎಂದರು ಅವರು. ಮುಖದಲ್ಲಿ ಸಂತೋಷವಿತ್ತು. "ಹತ್ತಿ ಕಡ್ಡಿಗಿ ಪೆಟ್ರೋಲ್ ಹಚ್ಚಿ ಮೂರ ಸಂಜಿ ಕುಂತ ಒಂದೊಂದ ತಗದೇನ್ರಿ. ಕಾಗದ ಹರೀಲಾರದಂಗ. ಒಂದೂ ಬಿಟ್ಟಿಲ್ಲ ನೋಡ್ರಿ."

ಸೊಸೆ ಬಾಯಿ ತೆರೆದಳು. ನಾನು ಅವಳ ಮೊಣಕಾಲು ಒತ್ತಿದೆ. ಆ ಮನುಷ್ಯರದು ಏನೂ ತಪ್ಪಿರಲಿಲ್ಲ. ನನ್ನ ಮಾತನ್ನು ನನ್ನ ಮಾತೆಂದೇ ನಂಬಿ, ಮೂರು ಸಂಜೆ ಕಣ್ಣು ಕೆಡಿಸಿಕೊಂಡು ಕೂತಿದ್ದರು. ಚಹಾ ಕುಡಿದು ಮುಗಿಸಿದೆ. ಆಮೇಲೆ ಆ ಕಲೆಗಳು ಯಾರವೆಂದು ಹೇಳಿದೆ. ಅತ್ತೆ, ಅಂಗಳ, ಮೇಣ, ಕಾಮಾಲೆ, ಡಬರಿ, ಎಲ್ಲ. ಅಳಲಿಲ್ಲ. ಅಂಥ ಹೊತ್ತಿನಲ್ಲಿ ನನಗೆ ಅಳು ಬರುವುದಿಲ್ಲ, ಆಮೇಲೆ ಯಾವಾಗಲೋ ಸಾಸಿವೆ ಸಿಡಿಯುವಾಗ ಬರುತ್ತದೆ.

ಅವರು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು. ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಸಣ್ಣಾಂವ ಇದ್ದಾಗ ಇವನ್ನ ನೋಡೇ ಬೆಳದಾಂವ್ರಿ ನಾ," ಎಂದರು. "ಆ ದೇಶದಾಗ ಎಲ್ಲಾ ಹೆಣ್ಣಮಕ್ಕಳು ಕುಂಕುಮ ಇಡ್ತಾರ ಅಂತ ತಿಳ್ಕೊಂಡಿದ್ದೆ. ಮುಂದ ದೊಡ್ಡಾಂವ ಆಗಿ ಬ್ಯಾರೆ ಪುಸ್ತಕ ನೋಡಿದ ಮ್ಯಾಲ, ಅಲ್ಲಿ ಯಾರೂ ಇಟ್ಟಿಲ್ಲಲಾ ಅಂತ ಮನಸ್ಸಿಗಿ ಹೆಂಗೋ ಆಗಿತ್ರಿ."

ಖಾಲಿ ಕವರನ್ನು ಮಡಚುತ್ತ, "ಒಂದ ಮಾತ ಹೇಳಬೇಕಿತ್ತಲ್ರಿ ಆಯಿ. ಹಂಗ ಇಡ್ತಿದ್ದೆ," ಎಂದರು.

"ವ್ಯಾಪಾರದಾಗ ಬೇಕಾದ್ದನ್ನ ಬೇಕು ಅಂತ ಯಾರ ಹೇಳ್ತಾರಪಾ," ಎಂದೆ.

ಅವರ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅದೇ ಕಟ್ಟಿನ ಇನ್ನೊಂದು ಪುಸ್ತಕವೂ ಇತ್ತಲ್ಲ, ಕಾಡಿನ ಚಿತ್ರದ್ದು, ಅದರಲ್ಲೂ ಕುಂಕುಮ ಇತ್ತಲ್ಲ ಎಂದು ಗಂಡನಿಗೆ ನೆನಪಿಸಿದರು. ಅದನ್ನು ಅವರು ಹೋದ ವರ್ಷ ನಮ್ಮ ಊರಿನವರಿಗೇ, ಗೋಳಗುಮ್ಮಟದ ಹತ್ತಿರದ ಒಬ್ಬ ಸಾಹೇಬರಿಗೆ ಮಾರಿದ್ದರು. ಹಳೆಯ ಪುಸ್ತಕ ಕೂಡಿಡುವ ಹುಚ್ಚಿನ ನಿವೃತ್ತ ಅಧಿಕಾರಿ. ಕೂಡಲೇ ಫೋನು ಹಚ್ಚಿದರು. ಸಾಹೇಬರು ಮಾರುವುದಿಲ್ಲವಂತೆ, ಆದರೆ ಬಂದು ನೋಡಬಹುದಂತೆ. ಹೊರಡುವಾಗ ಟಿಕೋಟಾದವರು ಹಡಗಿನ ಪುಸ್ತಕಕ್ಕೆ ದುಡ್ಡು ಬೇಡ ಎಂದರು. ನಾನು ಕೇಳಲಿಲ್ಲ, ಮಾತಾದಷ್ಟನ್ನು ರೇಡಿಯೋದ ಮೇಲಿಟ್ಟು ಬಂದೆ.

ವಾಪಸ್ಸು ಬರುವ ಬಸ್ಸಿನಲ್ಲಿ, ಮಾರಾಟಕ್ಕೆ ಹಾಕಿದ್ದ ಫೋಟೋವನ್ನಾದರೂ ನೋಡೋಣವೆಂದು ಫೋನು ತೆಗೆದೆ. ಅಲ್ಲಿರಲಿಲ್ಲ. ಮಾರಾಟವಾದ ಪುಸ್ತಕದ ಫೋಟೋ ಅಳಿಸಿಹಾಕುವುದು ಆ ಗುಂಪಿನ ನಿಯಮ. ಫೋನಿನಲ್ಲಿ ಕಂಡದ್ದನ್ನು ಹಾಗೇ ಹಿಡಿದಿಟ್ಟುಕೊಳ್ಳಲು ಬರುತ್ತದೆ ಎಂದು ಸೊಸೆ ಆಗ ಹೇಳಿದಳು. ಅದನ್ನು ನನಗೆ ಕಲಿಸಿರಲಿಲ್ಲ. ಬರೆದು ಕೇಳಿದರೆ ಟಿಕೋಟಾದವರ ಫೋನಿನಲ್ಲೂ ಉಳಿದಿರಲಿಲ್ಲ, ಜಾಗವಿಲ್ಲವೆಂದು ತೆಗೆದುಹಾಕಿದ್ದರು. ಹಡಗಿನ ಹೆಂಗಸಿನ ಕುಂಕುಮವನ್ನು ನಾನು ಕೊನೆಯ ಸಲ ಕಂಡದ್ದು ಆ ಮಧ್ಯಾಹ್ನವೇ, ಊಟವಾದ ಮೇಲೆ, ನಿದ್ದೆಗಣ್ಣಿನಲ್ಲಿ.

ಸಾಹೇಬರ ಮನೆಯ ಮೆಟ್ಟಿಲ ಮೇಲೆ ನಿಂತರೆ ನೀರಿನ ಟ್ಯಾಂಕುಗಳ ನಡುವೆ ಗುಮ್ಮಟದ ಬೆನ್ನು ಕಾಣುತ್ತದೆ. ಸೊಸೆಯ ಸ್ಕೂಟರಿನಲ್ಲಿ ಹೋದೆವು. ಅವರು ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿ, ಕೈ ತೊಳೆದುಕೊಂಡು ಬರಲು ಹೇಳಿದರು. ಒಳಗೆ ಕಬ್ಬಿಣದ ಕಪಾಟುಗಳು. ದೇವರ ಕೋಣೆಯಲ್ಲಿ ಕೂಡ ಅಷ್ಟು ಚೊಕ್ಕತನ ನಾನು ನೋಡಿರಲಿಲ್ಲ. ಅವರು ಬಿಳಿ ಕೈಗವಸು ಹಾಕಿಕೊಂಡು ಕೂತರು. ನಾನು ತಂದಿದ್ದ ಹಡಗಿನ ಪುಸ್ತಕವನ್ನು ಮೂಸಿ ನೋಡಿ, ಹಾವು ಕಂಡವರ ಹಾಗೆ ಕುರ್ಚಿ ಹಿಂದೆ ಸರಿಸಿದರು.

"ಪೆಟ್ರೋಲ್ ಯಾರ ಹಾಕಿದ್ರಿ ಇದಕ?"

"ನನ್ನ ಬಾಯಿರಿ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಸೊಸೆ ಎಲ್ಲ ಹೇಳಿದಳು. ನಾನು ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಕುಂಕುಮ ನೋಡಬೇಕು, ಅದಕ್ಕಾಗಿಯೇ ಬಂದಿದ್ದೇನೆ, ನಿಮ್ಮ ಪುಸ್ತಕ ಮುಟ್ಟುವುದಿಲ್ಲ ಎಂದೆ. ಅವರು ಎದ್ದು ಹೋಗಿ ಕಾಡಿನ ಪುಸ್ತಕ ತಂದು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ತೆರೆದರು. ಕಲೆ ತೆಗೆಯಲು ಹೋದರೆ ಪುಸ್ತಕ ಇನ್ನೂ ಕೆಡುತ್ತದೆಂದು ಅವರು ಕೈ ಹಚ್ಚಿರಲಿಲ್ಲವಂತೆ.

ಇತ್ತು. ಕಂದಿದ ಕೆಂಪು, ಒಣಗಿದ ಮೆಣಸಿನಕಾಯಿಯ ಬಣ್ಣ. ಮೊದಲನೆಯ ಹೆಂಗಸು ಕಾಡಿನ ನಡುವೆ ದೀಪ ಹಿಡಿದು ನಿಂತಿದ್ದಳು. ಎಳ್ಳಿನಷ್ಟು ಎಡಕ್ಕೆ ಕುಂಕುಮ. ಅದರ ನಡುವೆ, ಕಿರುಬೆರಳಿನ ತುದಿಯ ಗೆರೆಗಳು ಮೇಣದಲ್ಲಿ ಮೂಡಿದ್ದವು. ಸಾಹೇಬರು ಭೂತಗನ್ನಡಿ ಕೊಟ್ಟರು. ಅದರಲ್ಲಿ ನೋಡಿದೆ. ನನಗಿಂತ ಎಷ್ಟೋ ಚಿಕ್ಕ ಹುಡುಗಿಯ ಬೆರಳು. ನನ್ನ ಅಕ್ಕ ನನ್ನ ಮೊಮ್ಮಕ್ಕಳ ವಯಸ್ಸಿನವಳು.

ಅವರು ಪುಟ ತಿರುವುತ್ತ ಹೋದರು. ಒಬ್ಬೊಬ್ಬಳಿಗೂ ಇತ್ತು. ದೂರದಲ್ಲಿ ಗುಂಪಿನಲ್ಲಿ ನಿಂತವರಿಗೂ ಸೂಜಿಮೊನೆಯಷ್ಟು. ಪುಸ್ತಕದ ನಡುವಿನ ಹೊತ್ತಿಗೆ ಅವು ದೊಡ್ಡದಾಗತೊಡಗಿದವು. ಅಂಚು ಕದಡಿತ್ತು. ಒಂದು ಹಣೆಯಿಂದ ಇಳಿದು ಹುಬ್ಬಿನ ಮೇಲೆ ಬಿದ್ದಿತ್ತು. ಇನ್ನೊಂದು ಕಣ್ಣಿನ ಪಕ್ಕ.

ಆಮೇಲಿನ ಪುಟದಲ್ಲಿ ಅದೇ ದೀಪದ ಹೆಂಗಸು ನದಿ ದಾಟುತ್ತಿದ್ದಳು. ಅವಳ ಹಣೆಯ ಮೇಲೆ ಏನೂ ಇರಲಿಲ್ಲ. ಗುರುತೂ ಇಲ್ಲ, ಎಣ್ಣೆಯ ಕಲೆಯೂ ಇಲ್ಲ. ಅಲ್ಲಿಗೆ ಯಾರ ಕೈಯೂ ಬಂದಿರಲಿಲ್ಲ.

"ಇಲ್ಲಿಂದ ಮುಂದ ಇಲ್ರಿ," ಎಂದರು ಸಾಹೇಬರು. "ಇಟ್ಟಾವ್ರಿಗಿ ಬ್ಯಾಸರ ಆಗಿರಬೇಕು ಅಂತ ತಿಳ್ಕೊಂಡಿದ್ದೆ ನಾ."

ಆಗ ನನಗೆ ಆ ಮಧ್ಯಾಹ್ನ ನೆನಪಿಗೆ ಬಂತು. ಪಡಸಾಲೆಯಲ್ಲಿ ಕೌದಿಯ ಮೇಲೆ ಅವಳು ಒರಗಿದ್ದಳು. ಪುಸ್ತಕ ಎದೆಯ ಮೇಲಿತ್ತು. ನಾನು ಮೇಣದ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಉಗುರಿನ ಹಳದಿಯ ಮೇಲೆ ಕುಂಕುಮ ಮೆತ್ತಿಕೊಂಡಿತ್ತು. ಕೈ ಸೋಲಾಕತ್ತೇತಿ, ಉಳಿದದ್ದು ಆಮ್ಯಾಲ ಎಂದಳು. ನಾನು ಡಬ್ಬಿ ಮುಚ್ಚಿದೆ. ಇಷ್ಟು ವರ್ಷ ಆ ನೆನಪು ಎಲ್ಲಿ ಕೂತಿತ್ತೋ. ಮುಖ ಮಾತ್ರ ಆಗಲೂ ಕಾಣಲಿಲ್ಲ, ಪುಸ್ತಕ ಅಡ್ಡ ಇತ್ತು.

ಸಾಹೇಬರಿಗೆ ಅಷ್ಟನ್ನು ಹೇಳಿದೆ. ಕೊನೆಯವರೆಗೂ ತಿರುವಿ ತೋರಿಸಿ ಎಂದು ಕೇಳಿಕೊಂಡೆ. ತಿರುವಿದರು. ಒಬ್ಬಳಾದ ಮೇಲೆ ಒಬ್ಬಳು, ಬರಿಯ ಹಣೆಯವರು, ಕಾಡಿನಲ್ಲಿ, ದೋಣಿಯಲ್ಲಿ, ಗುಡ್ಡದ ತುದಿಯಲ್ಲಿ. ಎಲ್ಲರೂ ಪುಟದಾಚೆ ಯಾರದೋ ದಾರಿ ನೋಡುತ್ತ ನಿಂತ ಹಾಗಿದ್ದರು.

ಅಷ್ಟರಲ್ಲಿ ಸಾಹೇಬರ ಹೆಂಡತಿ, ಹೊರಡುವ ಹೊತ್ತಾಯಿತೆಂದು, ಸೊಸೆಗೆ ಕುಂಕುಮ ಕೊಡಲು ಭರಣಿ ತಂದರು. ಸೊಸೆಗೆ ಕೊಟ್ಟು, ನನ್ನ ಬರಿಯ ಹಣೆ ನೋಡಿ ಒಂದು ಕ್ಷಣ ತಡೆದು ಭರಣಿಯನ್ನು ಮೇಜಿನ ಮೇಲಿಟ್ಟರು. ಗಂಡ ಸತ್ತವಳಿಗೆ ಹೇಗೆ ಕೊಡುವುದು, ಕೊಡದೆ ಹೇಗಿರುವುದು, ಪಾಪ. ಸಾಹೇಬರು ಭರಣಿ ನೋಡಿದರು, ತೆರೆದ ಪುಸ್ತಕ ನೋಡಿದರು. ಆಮೇಲೆ ಕೈಗವಸು ಕಳಚಿಟ್ಟರು.

"ಉಳದಾವ್ರಿಗಿ ನೀವ ಇಡ್ರಿ," ಎಂದರು. ತಮ್ಮ ಮಾತಿಗೆ ತಾವೇ ಹೆದರಿದವರ ಹಾಗೆ ಮತ್ತೊಮ್ಮೆ, "ಇಡ್ರಿ. ನಡೀತೈತಿ" ಎಂದರು.

ಬೆರಳು ಅದ್ದಿದೆ. ನದಿ ದಾಟುತ್ತಿದ್ದ ಹೆಂಗಸಿನ ಹಣೆಯವರೆಗೂ ತಂದೆ. ಅವಳ ಮುಖ ಬೆಳ್ಳಗೆ, ಶಾಂತವಾಗಿತ್ತು. ಬೆರಳು ಅಲ್ಲೇ ನಿಂತಿತು. ಒಂದು ಹುಡಿ ಬಿಳಿ ಬಟ್ಟೆಯ ಮೇಲೆ ಉದುರಿತು, ಅಷ್ಟೇ. ಕೈ ಹಿಂದೆ ತೆಗೆದುಕೊಂಡು, ಪುಸ್ತಕ ಮುಚ್ಚಿರಿ ಎಂದೆ.

ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತಾಗ ಸೊಸೆ ಕೇಳಿದಳು, "ಯಾಕ ಇಡ್ಲಿಲ್ರಿ ಅತ್ತಿ? ಅವ್ರ ಇಡ್ರಿ ಅಂದ್ರಲಾ."

"ನಾ ಇಟ್ರ ಅದು ಮುಗದ ಹೋಗ್ತೈತಿ ಬೇ," ಎಂದೆ. "ಈಗ ಆಕಿ ಕೈ ಸೋತು ಕುಂತಾಳ. ಕುಂದರ್ಲಿ."

ಸೊಸೆ ಸ್ಕೂಟರು ಚಾಲೂ ಮಾಡಿ, ನಾನು ಹತ್ತಿದ ಮೇಲೂ ಸ್ವಲ್ಪ ಹೊತ್ತು ಹೊರಡದೆ ಹಾಗೇ ನಿಂತಳು.